ಹೊಳಪಿಗಿಂತ ಮೊದಲು ಅಂಚು: ದೋಣಿಯ ಸ್ಟೀಲ್ ಪ್ರೊಪೆಲ್ಲರಿನ ಶುದ್ಧಿ ಮತ್ತು ದುರಸ್ತಿ

(ಕರಾವಳಿಯ ದೋಣಿ ಮಾಲೀಕರು, ಮೆಕ್ಯಾನಿಕ್‌ಗಳು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಮ್ಮ ಕರಾವಳಿಯ ದಕ್ಕೆಗಳಲ್ಲಿ ಒಂದೇ ಸದ್ದು: ಸುತ್ತಿಗೆ, ಗ್ರೈಂಡರ್, ವೆಲ್ಡಿಂಗ್. ಸೇಂಟ್ ಮೇರಿಸ್ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುವ ದೋಣಿಗಳೂ ಕಡಲು ಕೆರಳಿರುವ ಈ ದಿನಗಳಲ್ಲಿ ನಿಂತಿರುತ್ತವೆ. ವರ್ಷವಿಡೀ ಮುಂದೂಡಿದ ಕೆಲಸವೆಲ್ಲ ಈಗಲೇ ಆಗಬೇಕು. ಅದರಲ್ಲಿ ಫ್ಯಾನ್, ಅಂದರೆ ನೀರನ್ನು ತಳ್ಳಿ ದೋಣಿಯನ್ನು ಓಡಿಸುವ ಪ್ರೊಪೆಲ್ಲರ್, ಬಿಚ್ಚಿ ತೊಳೆಯುವುದೂ ಒಂದು. ಅದನ್ನು ಅರ್ಧ ಗಂಟೆಯ ಕೆಲಸವೆಂದುಕೊಂಡು ಕೈಗೆ ಸಿಕ್ಕಿದ ಆಸಿಡ್, ಕೈಗೆ ಸಿಕ್ಕಿದ ಬ್ರಷ್ ಹಿಡಿದು ಮುಗಿಸಿಬಿಡುತ್ತೇವೆ.

ಮೇಜಿನ ಮೇಲೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್‌ಗಳಿವೆ. ಒಂದು ಕನ್ನಡಿಯಂತೆ ಹೊಳೆಯುತ್ತಿದೆ, ಇನ್ನೊಂದು ಮಂಕು ಬೂದುಬಣ್ಣದ್ದು. ಕೈಯಿಂದ ಕೈಗೆ ಕೊಡಿ, ಬೆರಳ ತುದಿಯನ್ನು ಅಂಚಿನ ಮೇಲೆ ನಿಧಾನವಾಗಿ ಸವರಿ. ಹೊಳೆಯುವುದರ ಅಂಚಿನಲ್ಲಿ ಅಲ್ಲಲ್ಲಿ ತಗ್ಗು, ಗುಂಡಿ, ಬುಡದ ಬಳಿ ಕಂದುಬಣ್ಣದ ಚುಕ್ಕೆ. ಬೂದುಬಣ್ಣದ್ದರ ಅಂಚು ಉದ್ದಕ್ಕೂ ಒಂದೇ ಸಮ. ನನ್ನ ದೋಣಿಗೆ ನಾನು ಹಾಕಿಕೊಳ್ಳುವುದು ಎರಡನೆಯದನ್ನು. ಯಾಕೆಂದು ಹೇಳುವುದೇ ಈ ಹೊತ್ತಿನ ಮಾತು.

ಮೊದಲು ಯಾವ ದೋಣಿಗೆ ಯಾವ ಲೋಹ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ರಾಲ್ ಬೋಟುಗಳ ದೊಡ್ಡ ಫ್ಯಾನ್‌ಗಳು ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹದವು. ನಾಡದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಸಣ್ಣ ಔಟ್‌ಬೋರ್ಡ್ ಎಂಜಿನ್‌ಗೆ ಹೆಚ್ಚಾಗಿ ಅಲ್ಯೂಮಿನಿಯಂ ಬರುತ್ತದೆ. ಹೆಚ್ಚು ಅಶ್ವಶಕ್ತಿಯ ಔಟ್‌ಬೋರ್ಡ್ ಇರುವ ವೇಗದ ದೋಣಿಗಳಿಗೆ, ಅಂದರೆ ಪ್ರವಾಸದ ದೋಣಿ, ಗಸ್ತಿನ ದೋಣಿ, ಡೈವಿಂಗ್‌ಗೆ ಹೋಗುವ ದೋಣಿಗಳಿಗೆ ಸ್ಟೀಲ್. ಸ್ಟೀಲ್ ಗಟ್ಟಿ, ಆದ್ದರಿಂದ ರೆಕ್ಕೆಯನ್ನು ತೆಳುವಾಗಿ ಮಾಡಬಹುದು. ತೆಳು ರೆಕ್ಕೆ ನೀರನ್ನು ಸಲೀಸಾಗಿ ಸೀಳುತ್ತದೆ. ಪೂರ್ತಿ ವೇಗದಲ್ಲೂ ಬಾಗದೆ ತನ್ನ ಆಕಾರ ಉಳಿಸಿಕೊಳ್ಳುತ್ತದೆ. ಬೆಲೆ ಮಾತ್ರ ಅಲ್ಯೂಮಿನಿಯಂನ ಹಲವು ಪಟ್ಟು. ಅಷ್ಟು ಹಣ ಕೊಟ್ಟು ತಂದದ್ದನ್ನು ಹಾಳು ಮಾಡುವುದು ಹೆಚ್ಚಿನ ಸಲ ಕಡಲಲ್ಲ, ನಾವು ತೊಳೆಯುವ ರೀತಿ. ಈ ಮಾತನ್ನು ಪೂರ್ತಿ ನಂಬಿಕೆಯಿಂದ ಹೇಳುತ್ತಿದ್ದೇನೆ.

ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ ಲೋಹ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಅದರಲ್ಲಿ ಇರುವುದು ಬಹುಪಾಲು ಕಬ್ಬಿಣವೇ. ಜೊತೆಗೆ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 1913ರಲ್ಲಿ ಲೋಹತಜ್ಞ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಕೆ ಸವೆಯದಿರಲೆಂದು ಉಕ್ಕಿಗೆ ಕ್ರೋಮಿಯಂ ಬೆರೆಸಿ ಪ್ರಯೋಗ ಮಾಡುತ್ತಿದ್ದಾಗ, ಆಮ್ಲಕ್ಕೂ ಜಗ್ಗದ ಉಕ್ಕು ಕೈಗೆ ಸಿಕ್ಕಿತು. ಅದರ ಗುಟ್ಟು ಮೇಲ್ಮೈಯಲ್ಲಿದೆ. ಕ್ರೋಮಿಯಂ ಗಾಳಿಯ ಇಲ್ಲವೇ ನೀರಿನಲ್ಲಿ ಕರಗಿರುವ ಆಮ್ಲಜನಕದೊಂದಿಗೆ ಸೇರಿ ಒಂದು ಪೊರೆ ಕಟ್ಟುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಕೆಲವು ಭಾಗ. ಕಣ್ಣಿಗೆ ಕಾಣುವುದಿಲ್ಲ. ಗೀರು ಬಿದ್ದರೆ, ಆಮ್ಲಜನಕ ಸಿಕ್ಕಿತೆಂದರೆ, ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ನಾವು ಬೆಲೆ ಕೊಟ್ಟು ಕೊಳ್ಳುವುದು ಈ ಪೊರೆಯನ್ನು.

ಪೊರೆಗೆ ಇಬ್ಬರು ಶತ್ರುಗಳು. ಒಂದು ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ ಇರುವುದೂ ಅದೇ, ಸಮುದ್ರದಲ್ಲಿ ತುಂಬಿರುವುದೂ ಅದೇ. ಎರಡನೆಯದು ಆಮ್ಲಜನಕದ ಕೊರತೆ. ಪ್ರೊಪೆಲ್ಲರ್ ತಿರುಗುತ್ತಿರುವಾಗ ಅದಕ್ಕೆ ಹೊಸ ನೀರು, ಹೊಸ ಆಮ್ಲಜನಕ ಸಿಗುತ್ತಲೇ ಇರುತ್ತದೆ. ದೋಣಿಯನ್ನು ವಾರಗಟ್ಟಲೆ ನೀರಿನಲ್ಲಿ ಸುಮ್ಮನೆ ಕಟ್ಟಿಹಾಕಿದಾಗ ಕೇಡು ಶುರುವಾಗುತ್ತದೆ. ಕೆಸರು, ಪಾಚಿ, ಬಂಡೆಗೂ ದೋಣಿಗೂ ಅಂಟಿ ಬೆಳೆಯುವ ಬಾರ್ನಕಲ್ ಚಿಪ್ಪು ರೆಕ್ಕೆಯನ್ನು ಮುಚ್ಚುತ್ತವೆ. ಚಿಪ್ಪಿನ ಅಡಿಯಲ್ಲಿ ಆಮ್ಲಜನಕ ಮುಗಿಯುತ್ತದೆ, ಕ್ಲೋರೈಡ್ ಒಳಗೇ ಉಳಿಯುತ್ತದೆ, ಪೊರೆ ಒಡೆಯುತ್ತದೆ. ಆಮೇಲೆ ಗುಂಡಿ ಅಡ್ಡಕ್ಕೆ ಹರಡುವುದಿಲ್ಲ, ಆಳಕ್ಕೆ ಇಳಿಯುತ್ತದೆ. ಮೇಲಿನಿಂದ ಸಾಸಿವೆಯಷ್ಟು ಕಂಡದ್ದು ಒಳಗೆ ಎಷ್ಟಿದೆ ಎಂದು ಉಜ್ಜಿ ನೋಡುವವರೆಗೆ ತಿಳಿಯದು. ಹಾಗಾಗಿ ದೋಣಿ ಓಡಿಸುವವನ ಫ್ಯಾನಿಗಿಂತ ದೋಣಿ ಕಟ್ಟಿಟ್ಟವನ ಫ್ಯಾನ್ ಬೇಗ ಕೆಡುವುದೂ ಉಂಟು.

ಇಲ್ಲೇ ಆಯಸ್ಕಾಂತದ ವಿಷಯ ಹೇಳಿಬಿಡುತ್ತೇನೆ. ‘ಆಯಸ್ಕಾಂತ ಅಂಟಿತು, ಇದು ಅಸಲಿ ಸ್ಟೀಲ್ ಅಲ್ಲ, ಅಂಗಡಿಯವನು ಮೋಸ ಮಾಡಿದ’ ಎಂದು ಜಗಳವಾಗಿರುವುದನ್ನು ಕಂಡಿದ್ದೇನೆ. ಅಡುಗೆಮನೆಯ ಒಳ್ಳೆಯ ಪಾತ್ರೆಯ 304 ದರ್ಜೆಗೆ ಆಯಸ್ಕಾಂತ ಅಂಟುವುದಿಲ್ಲ ನಿಜ. ಪ್ರೊಪೆಲ್ಲರ್‌ಗೆ ಬಹಳವಾಗಿ ಬಳಸುವುದು 15-5 ಮತ್ತು 17-4 ಎಂಬ ಹೆಸರಿನ ದರ್ಜೆಗಳನ್ನು. ಮೊದಲ ಅಂಕಿ ಕ್ರೋಮಿಯಂನ ಶೇಕಡಾವಾರು, ಎರಡನೆಯದು ನಿಕ್ಕಲ್‌ನದು. ಜೊತೆಗೆ ಸ್ವಲ್ಪ ತಾಮ್ರವೂ ಇರುತ್ತದೆ. ಎರಕ ಹೊಯ್ದ ಮೇಲೆ ಇದನ್ನು ಸುಮಾರು 480ರಿಂದ 620 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟು ಹದ ಮಾಡುತ್ತಾರೆ. ಆ ಹದದಿಂದಲೇ ಅದಕ್ಕೆ ಬಲ. ಈ ಜಾತಿಯ ಸ್ಟೀಲಿಗೆ ಆಯಸ್ಕಾಂತ ಅಂಟಲೇಬೇಕು. ಶಾಖದ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ತೊಳೆಯುವ ಕೆಲಸ. ಮೊದಲು ಬ್ಯಾಟರಿ ಸಂಪರ್ಕ ತೆಗೆಯಿರಿ, ಕೀಲಿ ಜೇಬಿಗೆ ಹಾಕಿಕೊಳ್ಳಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ಅಕಸ್ಮಾತ್ ತಿರುಗಿದರೆ ಹೋಗುವುದು ಬೆರಳುಗಳು. ನಟ್ ಬಿಚ್ಚುವಾಗ ರೆಕ್ಕೆಯನ್ನು ಕೈಯಲ್ಲಿ ಹಿಡಿಯಬೇಡಿ, ರೆಕ್ಕೆಗೂ ಅದರ ಮೇಲೆ ಎಂಜಿನ್ನಿಗೆ ಅಡ್ಡಲಾಗಿರುವ ತಟ್ಟೆಗೂ ನಡುವೆ ಮರದ ತುಂಡು ಸಿಕ್ಕಿಸಿ. ಪ್ರೊಪೆಲ್ಲರ್ ಹೊರಬಂದ ಮೇಲೆ ವಾಷರ್‌ಗಳು ಯಾವ ಕ್ರಮದಲ್ಲಿದ್ದವೋ ಅದೇ ಕ್ರಮದಲ್ಲಿ ಒಂದು ಬಟ್ಟೆಯ ಮೇಲೆ ಜೋಡಿಸಿಡಿ. ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಸಿಹಿನೀರಿನಲ್ಲಿ ಉಪ್ಪೆಲ್ಲ ಹೋಗುವಂತೆ ತೊಳೆದು, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಗ್ರೀಸ್ ತೆಗೆಯಿರಿ. ಜಿಡ್ಡು ಇದ್ದಲ್ಲಿ ಯಾವ ಆಮ್ಲವೂ ಕೆಲಸ ಮಾಡುವುದಿಲ್ಲ. ಚಿಪ್ಪುಗಳನ್ನು ಮರದ ಇಲ್ಲವೇ ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ತುಂಡಿನಿಂದ ತಳ್ಳಿ ತೆಗೆಯಬೇಕು. ಕಬ್ಬಿಣದ ಉಳಿ ಬೇಡ. ಚಿಪ್ಪು ಹೋದ ಮೇಲೂ ಬಿಳಿಯ ಉಂಗುರದಂಥ ತಳ ಅಂಟಿಕೊಂಡಿರುತ್ತದೆ. ಅದು ಸುಣ್ಣದ ಅಂಶ, ಹುಳಿಗೆ ಕರಗುತ್ತದೆ. ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಮ್ಲದ ಪುಡಿ ಕಲಸಿ ಬಟ್ಟೆಯಲ್ಲಿ ನೆನೆಸಿ ಹೊದಿಸಿ. ಗುಳ್ಳೆ ಏಳುತ್ತದೆ, ಅದು ಸುಣ್ಣ ಕರಗುವ ಗುರುತು. ನಡುನಡುವೆ ನೈಲಾನ್ ಬ್ರಷ್‌ನಿಂದ ಉಜ್ಜುತ್ತಿರಿ. ಒಂದೆರಡು ಗಂಟೆ ಹಿಡಿಯಬಹುದು, ಅವಸರ ಬೇಡ. ಇಡೀ ಪ್ರೊಪೆಲ್ಲರನ್ನು ಬಕೆಟ್ಟಿನಲ್ಲಿ ಮುಳುಗಿಸಿಡಬೇಕಾಗಿಲ್ಲ. ರೆಕ್ಕೆಗಳು ಸೇರುವ ನಡುವಿನ ಭಾಗವಾದ ಹಬ್‌ನೊಳಗೆ ರಬ್ಬರ್ ಇದ್ದರೆ ಅದನ್ನು ಆಮ್ಲದಿಂದ ದೂರವಿಡಿ.

ಅವಸರವಿರುವವರು ಎಲ್ಲಿಗೆ ಹೋಗುತ್ತಾರೆ ಎಂದು ನಿಮಗೂ ಗೊತ್ತು. ಟೈಲ್ಸ್ ಮತ್ತು ಶೌಚಾಲಯ ತೊಳೆಯುವ ಆಸಿಡ್. ಅದು ಹೈಡ್ರೋಕ್ಲೋರಿಕ್ ಆಮ್ಲ. ಹೆಸರಿನಲ್ಲೇ ಶತ್ರು ಕೂತಿದ್ದಾನೆ. ಚಿಪ್ಪು ಎರಡು ನಿಮಿಷದಲ್ಲಿ ಮಾಯವಾಗುತ್ತದೆ ನಿಜ, ಸ್ಟೀಲ್ ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಪೊರೆ ಹರಿದು ಕ್ಲೋರೈಡ್ ಲೋಹಕ್ಕೆ ತಗುಲಿರುತ್ತದೆ. ಸೂಕ್ಷ್ಮ ಗುಂಡಿಗಳು ಅಲ್ಲಿಂದ ಶುರು. ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿಂಗ್ ದ್ರಾವಣದ ಕಥೆಯೂ ಇದೇ. ಇವೆರಡನ್ನು ಒಂದೇ ಬಕೆಟ್ಟಿಗೆ ಸುರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಾಂತಿಕ. ದಯವಿಟ್ಟು ಈ ಒಂದು ಮಾತನ್ನು ಇಲ್ಲಿಗೆ ಬಾರದ ಗೆಳೆಯರಿಗೂ ಹೇಳಿ.

ನಮ್ಮ ಕಡೆ ಹಿತ್ತಾಳೆ ದೀಪ ತಿಕ್ಕಲು ಹುಣಸೆಹುಳಿ, ಬಿಂಬುಳಿ ಬಳಸುವುದು ರೂಢಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ, ಕಂದು ಕಲೆ ತೆಗೆಯುವುದರಲ್ಲಿ ಅದು ಒಳ್ಳೆಯದೇ. ಮನೆಯ ಹಿತ್ತಲಿನಲ್ಲಿ ಬಿಂಬುಳಿ ಮರವಿದ್ದರೆ ಧಾರಾಳವಾಗಿ ಉಜ್ಜಿ. ಆದರೆ ತಾಮ್ರಕ್ಕೆ ಮಾಡುವಂತೆ ಹುಳಿಗೆ ಉಪ್ಪು ಸೇರಿಸಬೇಡಿ. ಅಂಗಡಿಯ ಆಕ್ಸಾಲಿಕ್ ಪುಡಿ ವಿಷ. ಕೈಗವಸು ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಇನ್ನು ಬ್ರಷ್. ಕಬ್ಬಿಣದ ತಂತಿಯ ಚಕ್ರವನ್ನು ಗ್ರೈಂಡರಿಗೆ ಹಾಕಿ ಉಜ್ಜಿದರೆ ಕಬ್ಬಿಣದ ಕಣಗಳು ಸ್ಟೀಲಿನ ಮೈಯೊಳಗೆ ನಾಟಿಕೊಳ್ಳುತ್ತವೆ. ಮೊದಲ ಸಲ ಉಪ್ಪುನೀರು ತಾಗಿದಾಗ ಆ ಕಣಗಳು ತುಕ್ಕು ಹಿಡಿಯುತ್ತವೆ, ಆ ತುಕ್ಕಿನ ಅಡಿಯಲ್ಲಿ ಪೊರೆಯೂ ಕೆಡುತ್ತದೆ. ‘ಹೊಸ ಫ್ಯಾನ್, ತೊಳೆದ ವಾರಕ್ಕೇ ತುಕ್ಕು’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಪಾತ್ರೆ ತಿಕ್ಕುವ ಕಬ್ಬಿಣದ ನಾರೂ ಬೇಡ, ಮೊದಲು ಗೇಟಿನ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಡಿಸ್ಕೂ ಬೇಡ. ಸ್ಟೀಲಿಗೆಂದೇ ಒಂದು ಡಿಸ್ಕ್, ಒಂದು ಸ್ಟೇನ್‌ಲೆಸ್ ತಂತಿಯ ಬ್ರಷ್, ಒಂದಷ್ಟು ನೈಲಾನ್ ಪ್ಯಾಡ್ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ಸಹಾಯಕ್ಕೆ ಬರುವ ಹುಡುಗರಿಗೆ ಬೈಯುವುದಕ್ಕಿಂತ ಅದು ಪರಿಣಾಮಕಾರಿ.

ತೊಳೆದು ಒರೆಸಿದ ಮೇಲೆ ರೆಕ್ಕೆಯನ್ನು ಓದಬೇಕು. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಭಾಗ ಇದು. ರೆಕ್ಕೆಗೆ ಎರಡು ಅಂಚು: ನೀರನ್ನು ಮೊದಲು ಸೀಳುವ ಮುಂದಿನ ಅಂಚು, ನೀರು ಬಿಟ್ಟುಹೋಗುವ ಹಿಂದಿನ ಅಂಚು. ಎರಡು ಮುಖ: ನೀರನ್ನು ಹಿಂದಕ್ಕೆ ತಳ್ಳುವ ಮುಖ, ನೀರನ್ನು ಎಳೆದುಕೊಳ್ಳುವ ಬೆನ್ನು. ಬೆನ್ನಿನ ಕಡೆ ಒತ್ತಡ ಕುಸಿಯುತ್ತದೆ. ನೀರು ಕುದಿಯಲು 100 ಡಿಗ್ರಿ ಬೇಕೆಂದು ಶಾಲೆಯಲ್ಲಿ ಕಲಿತಿದ್ದೇವೆ, ಅದು ಮಾಮೂಲಿ ಗಾಳಿಯ ಒತ್ತಡದಲ್ಲಿ. ಒತ್ತಡವನ್ನು ಅದರ ಶೇ. 4ರ ಆಸುಪಾಸಿಗೆ ಇಳಿಸಿದರೆ ನಮ್ಮ ಕಡಲಿನ 30 ಡಿಗ್ರಿಯ ನೀರೂ ಕುದಿಯುತ್ತದೆ. ರೆಕ್ಕೆಯ ಬೆನ್ನ ಮೇಲೆ ಆಗುವುದು ಇದೇ. ಆವಿಯ ಗುಳ್ಳೆ ಹುಟ್ಟುತ್ತದೆ, ಸ್ವಲ್ಪ ಹಿಂದಕ್ಕೆ ಸರಿದು ಒತ್ತಡ ಹೆಚ್ಚಿರುವ ಜಾಗಕ್ಕೆ ಬಂದೊಡನೆ ಕುಸಿದು ಬೀಳುತ್ತದೆ. ಕುಸಿಯುವಾಗ ನೀರಿನ ಸಣ್ಣ ಧಾರೆ ಲೋಹಕ್ಕೆ ಗುದ್ದುತ್ತದೆ. ಅಂಥ ಲೆಕ್ಕವಿಲ್ಲದಷ್ಟು ಗುದ್ದುಗಳಿಂದ ಸ್ಟೀಲೂ ಹುಳು ಕೊರೆದಂತೆ ಆಗುತ್ತದೆ. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ.

ಇದನ್ನು ಪಟ್ಟು ಹಿಡಿದು ಅರ್ಥಮಾಡಿಕೊಂಡವರಲ್ಲಿ ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ಮುಖ್ಯ. ಆವಿಯ ಟರ್ಬೈನ್ ಕೂರಿಸಿದ ‘ಟರ್ಬಿನಿಯಾ’ ಎಂಬ ಹಡಗನ್ನು ಆತ 1894ರಲ್ಲಿ ನೀರಿಗಿಳಿಸಿದ. ಎಂಜಿನ್ನಿನ ಬಲಕ್ಕೆ ತಕ್ಕ ವೇಗ ಬರಲಿಲ್ಲ. ದೋಷ ಎಂಜಿನ್ನಿನಲ್ಲಿರಲಿಲ್ಲ, ಬಹಳ ವೇಗವಾಗಿ ತಿರುಗುತ್ತಿದ್ದ ಪ್ರೊಪೆಲ್ಲರಿನ ಸುತ್ತ ನೀರಿನ ಬದಲು ಆವಿ ತುಂಬುತ್ತಿತ್ತು. 1895ರಲ್ಲಿ ಆತ ಸಣ್ಣ ನೀರಿನ ಸುರಂಗ ಮಾಡಿ, ಅದರಲ್ಲಿ ಪುಟ್ಟ ಪ್ರೊಪೆಲ್ಲರ್ ತಿರುಗಿಸಿ, ಗುಳ್ಳೆಗಳನ್ನು ಕಣ್ಣಾರೆ ನೋಡಿದ. ಆಮೇಲೆ ಒಂದು ಶಾಫ್ಟಿನ (ಪ್ರೊಪೆಲ್ಲರನ್ನು ತಿರುಗಿಸುವ ದಂಡದ) ಬದಲು ಮೂರು ಶಾಫ್ಟ್, ಪ್ರತಿಯೊಂದಕ್ಕೂ ಮೂರು ಪ್ರೊಪೆಲ್ಲರ್. 1897ರಲ್ಲಿ ರಾಣಿ ವಿಕ್ಟೋರಿಯಾಳ ನೌಕಾ ಪ್ರದರ್ಶನದಲ್ಲಿ ಆ ಹಡಗು ಉಳಿದೆಲ್ಲವನ್ನೂ ಹಿಂದೆ ಹಾಕಿ 34 ನಾಟ್ ಮೀರಿದ ವೇಗದಲ್ಲಿ ಓಡಿತು. ಗುಳ್ಳೆ ಕುಸಿಯುವಾಗ ಹುಟ್ಟುವ ಒತ್ತಡದ ಲೆಕ್ಕವನ್ನು ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲಿ 1917ರಲ್ಲಿ ಮಾಡಿಕೊಟ್ಟರು.

ನಮಗೆ ಬೇಕಾದ ಪಾಠ ಇದರಲ್ಲಿದೆ. ಒಳ್ಳೆಯ ಪ್ರೊಪೆಲ್ಲರಿನ ಮೇಲೆ ನೀರು ಮೈಗಂಟಿ ಹರಿಯುತ್ತದೆ. ಮುಂದಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಬಿದ್ದರೂ ಅಲ್ಲಿ ನೀರು ಎಡವಿ ಗುಳ್ಳೆ ಏಳುತ್ತದೆ. ಆದ್ದರಿಂದ ರೆಕ್ಕೆಯ ಮೇಲೆ ಕೊರೆದ ಗುರುತು ಕಂಡರೆ ಅಲ್ಲಿಂದ ನೇರ ಮುಂದಕ್ಕೆ ಬೆರಳು ಸರಿಸಿಕೊಂಡು ಹೋಗಿ. ಬಹಳ ಸಲ ಅಂಚಿನಲ್ಲಿ ಒಂದು ಕಚ್ಚು ಸಿಗುತ್ತದೆ. ಗುಂಡಿಯನ್ನು ಪಾಲಿಶ್ ಮಾಡಿ, ಕಚ್ಚನ್ನು ಹಾಗೇ ಬಿಟ್ಟರೆ ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಗುಂಡಿ ಕಾದಿರುತ್ತದೆ. ತುಕ್ಕಿನ ಗುಂಡಿಗೂ ಇದಕ್ಕೂ ವ್ಯತ್ಯಾಸ ಗುರುತಿಸಲು ಕಣ್ಣು ಪಳಗಬೇಕು. ತುಕ್ಕಿನದು ಬಿಡಿಬಿಡಿ ಚುಕ್ಕೆ, ಸುತ್ತ ಕಂದು ಕಲೆ, ಚಿಪ್ಪಿನ ಅಡಿಯಲ್ಲಿ, ಹಬ್ಬಿನ ಸಂದಿಯಲ್ಲಿ. ಗುಳ್ಳೆ ಕೊರೆದದ್ದು ಒತ್ತಾಗಿ, ಒರಟಾಗಿ, ಶುಭ್ರ ಲೋಹದ ಬಣ್ಣದಲ್ಲೇ ಇರುತ್ತದೆ.

ವೇಗದ ಅಂದಾಜಿಗೆ ಒಂದು ಲೆಕ್ಕ: 14 ಅಂಗುಲ ವ್ಯಾಸದ ಪ್ರೊಪೆಲ್ಲರ್, ಎಂಜಿನ್ ನಿಮಿಷಕ್ಕೆ 5,500 ಸುತ್ತು, ಗೇರಿನಲ್ಲಿ ಅದು ಅರ್ಧವಾಗಿ 2,750. ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 51 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ಮೀರಿ ನೀರಿನಲ್ಲಿ ಸಾಗುತ್ತಿರುತ್ತದೆ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವಂಥ ಅಳಿವೆಗಳಲ್ಲಿ ನೀರಿನೊಂದಿಗೆ ಮರಳೂ ಇರುತ್ತದೆ. ಆ ವೇಗದಲ್ಲಿ ಮರಳು ಅಂಚನ್ನು ತಿನ್ನದೆ ಬಿಡುತ್ತದೆಯೇ?

ಕಣ್ಣಿಗೆ ಕಾಣದ ಬಿರುಕು ಹುಡುಕಲು ಡೈ ಪೆನೆಟ್ರಂಟ್ ಎಂಬ ಕೆಂಪು ದ್ರವ ಸಿಗುತ್ತದೆ. ಸ್ವಚ್ಛ ಮೇಲ್ಮೈಗೆ ಅದನ್ನು ಬಳಿದು ಹತ್ತು, ಹದಿನೈದು ನಿಮಿಷ ಬಿಟ್ಟು ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಬೇಕು. ಬಿರುಕಿದ್ದಲ್ಲಿ ಕೆಂಪು ಗೆರೆ ಎದ್ದು ಕಾಣುತ್ತದೆ. ರೆಕ್ಕೆಯ ಬುಡದಲ್ಲಿ ಗೆರೆ ಕಂಡರೆ ನನ್ನ ಸಲಹೆ ಒಂದೇ: ಆ ಪ್ರೊಪೆಲ್ಲರನ್ನು ಗುಜರಿಗೆ ಹಾಕಿ. ವೆಲ್ಡಿಂಗ್ ಮಾಡಿ ಓಡಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಡೀ ರೆಕ್ಕೆಯ ಒತ್ತಡ ಬಂದು ಕೂರುವುದು ಬುಡದಲ್ಲಿ. ಜನರನ್ನು ಹೊತ್ತ ದೋಣಿಯಲ್ಲಿ ಅದು ಮುರಿದರೆ ಅಲೆಗಳ ನಡುವೆ ಎಂಜಿನ್ ನಿಂತಂತೆಯೇ.

ಬಾಗಿದ ರೆಕ್ಕೆಯ ವಿಷಯ. ಸಮತಟ್ಟಾದ ಗ್ರಾನೈಟ್ ಹಲಗೆಯ ಮೇಲೆ ಪ್ರೊಪೆಲ್ಲರನ್ನು ಇಟ್ಟು, ನಡುವಿನಿಂದ ತುದಿಯವರೆಗಿನ ದೂರದ ಹತ್ತರಲ್ಲಿ ಏಳು ಭಾಗದಲ್ಲಿ ಪ್ರತಿ ರೆಕ್ಕೆಯ ಮೇಲೂ ಒಂದು ಗೆರೆ ಎಳೆಯಿರಿ. ಆ ಗೆರೆ ಎರಡೂ ಅಂಚಿಗೆ ತಾಗುವ ಜಾಗದ ಎತ್ತರವನ್ನು ಹಲಗೆಯಿಂದ ಅಳೆಯಿರಿ. ಮೂರು ರೆಕ್ಕೆಗೂ ಅಂಕಿ ಒಂದೇ ಆಗಿರಬೇಕು. ಒಂದರದ್ದು ಬೇರೆಯಾಗಿದ್ದರೆ ಅದರ ಪಿಚ್ ಬದಲಾಗಿದೆ. ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದರೆ ದೋಣಿ ಎಷ್ಟು ಮುಂದೆ ಹೋಗಬೇಕೆಂಬ ಅಳತೆಯೇ ಪಿಚ್. ಹಬ್ಬಿನ ಮೇಲೆ ವ್ಯಾಸದ ಜೊತೆ ಅಂಗುಲದಲ್ಲಿ ಕೊರೆದಿರುತ್ತದೆ. ಇಡೀ ಪ್ರೊಪೆಲ್ಲರಿನ ಪಿಚ್ ಒಂದು ಅಂಗುಲ ಹೆಚ್ಚು ಕಡಿಮೆಯಾದರೆ ಪೂರ್ತಿ ವೇಗದಲ್ಲಿ ಎಂಜಿನ್ನಿನ ಸುತ್ತು ಸುಮಾರು 150ರಿಂದ 200ರಷ್ಟು ಬದಲಾಗುತ್ತದೆ. ಒಂದೇ ರೆಕ್ಕೆಯದು ಬದಲಾದರೆ ಎಳೆತ ಒಂದೇ ಕಡೆ ಹೆಚ್ಚಾಗಿ ಶಾಫ್ಟ್ ನಡುಗುತ್ತದೆ.

ಸಣ್ಣ ಬಾಗನ್ನು ಪಳಗಿದ ಕೈ ರೆಕ್ಕೆಯ ಸರಿಯಾದ ತಿರುವಿನ ಅಚ್ಚಾದ ಪಿಚ್ ಬ್ಲಾಕ್ ಮೇಲಿಟ್ಟು ತಣ್ಣಗಿರುವಾಗಲೇ ತಟ್ಟಿ ಸರಿಪಡಿಸಬಹುದು. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಡಿಯುವುದು ಮಾತ್ರ ಬೇಡ. ಆಗಲೇ ಹೇಳಿದ ಶಾಖದ ಅಂಕಿ ನೆನಪಿಸಿಕೊಳ್ಳಿ: ಕೆಂಪಾಗುವ ಹೊತ್ತಿಗೆ ಆ ಜಾಗದ ಹದ ಕೆಟ್ಟಿರುತ್ತದೆ. ರೆಕ್ಕೆ ನೇರವಾಗಿ ಕಾಣುತ್ತದೆ, ಬಲ ಇರುವುದಿಲ್ಲ. ಹಿಂದಿನ ಅಂಚಿನಲ್ಲಿ ಉಗುರಿನ ತುದಿಯಷ್ಟು ಒಳಬಾಗಿದ ತಿರುವು ಇರುವ ಪ್ರೊಪೆಲ್ಲರ್‌ಗಳೂ ಇವೆ. ಅದನ್ನು ಕಪ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಬೇಕೆಂದೇ ಮಾಡಿದ್ದು, ನೀರಿನ ಹಿಡಿತಕ್ಕಾಗಿ. ಅದನ್ನು ಬಾಗಿದ್ದೆಂದು ತಿಳಿದು ತಟ್ಟಿ ಚಪ್ಪಟೆ ಮಾಡಿಬಿಟ್ಟ ಪ್ರೊಪೆಲ್ಲರ್‌ಗಳನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೂರೂ ರೆಕ್ಕೆಯಲ್ಲಿ ಒಂದೇ ತರಹ ಇದ್ದರೆ ಅದು ಪೆಟ್ಟಲ್ಲ, ವಿನ್ಯಾಸ.

ಸಣ್ಣ ಕಚ್ಚನ್ನು ಅರದಿಂದ ಉಜ್ಜಿ ಅಂಚಿನೊಂದಿಗೆ ಬೆರೆಸಿಬಿಡಬಹುದು. ಮುಂದಿನ ಅಂಚನ್ನು ಮೊಂಡು ಮಾಡಬೇಡಿ, ಕತ್ತಿಯಂತೆ ಮಸೆಯಲೂ ಬೇಡಿ. ಕೆಡದೆ ಉಳಿದಿರುವ ಭಾಗದ ದುಂಡನ್ನೇ ಮುಂದುವರಿಸಿ. ತುಂಡು ಹಾರಿಹೋಗಿದ್ದರೆ ವರ್ಕ್‌ಶಾಪಿನವರು ಆರ್ಗಾನ್ ವೆಲ್ಡಿಂಗ್ ಎನ್ನುವ ಟಿಗ್ ವೆಲ್ಡಿಂಗಿನಲ್ಲಿ ಲೋಹ ತುಂಬಬೇಕು. ಚಿಕ್ಕ ಚಿಕ್ಕ ಓಟ, ನಡುವೆ ಆರಲು ಬಿಡುವು, ಹೊಂದುವ ಸ್ಟೇನ್‌ಲೆಸ್ ಕಡ್ಡಿ. ಸ್ಟೇನ್‌ಲೆಸ್ ವೆಲ್ಡಿಂಗಿನ ಹೊಗೆಯಲ್ಲಿ ಕ್ಯಾನ್ಸರ್ ತರುವ ಜಾತಿಯ ಕ್ರೋಮಿಯಂ ಇರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಹೊಗೆ ತಡೆಯುವ ಮುಖಗವಸು ಹಾಕಿ, ಶೆಡ್ಡಿನ ಬಾಗಿಲು ಕಿಟಕಿ ತೆರೆದಿಡಿ.

ವೆಲ್ಡಿಂಗಿನ ಸುತ್ತ ನೀಲಿ, ನೇರಳೆ, ಚಿನ್ನದ ಬಣ್ಣದ ಪಟ್ಟೆಗಳು ಮೂಡುತ್ತವೆ. ಚಂದ ಕಾಣುತ್ತವೆಂದು ಹಾಗೇ ಬಿಡಬೇಡಿ. ಆ ಬಣ್ಣದ ಅಡಿಯ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ, ಅಲ್ಲಿ ಪೊರೆ ದುರ್ಬಲ. ಬಣ್ಣವಷ್ಟೂ ಹೋಗುವಂತೆ, ಅಡಿಯ ಲೋಹವೂ ತುಸು ಹೋಗುವಂತೆ ಉಜ್ಜಬೇಕು. ಇದಕ್ಕೆ ಪಿಕ್ಲಿಂಗ್ ಪೇಸ್ಟ್ ಕೂಡ ಮಾರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಹೈಡ್ರೋಫ್ಲೋರಿಕ್ ಆಮ್ಲವಿರುತ್ತದೆ. ಚರ್ಮಕ್ಕೆ ತಗುಲಿದಾಗ ಕೆಲವೊಮ್ಮೆ ಮೊದಲು ಉರಿಯೇ ಆಗದೆ ಒಳಗಿಳಿದು, ಮೈಯ ಕ್ಯಾಲ್ಸಿಯಂ ಕಸಿದು, ಹೃದಯವನ್ನೂ ನಿಲ್ಲಿಸಬಲ್ಲದು. ಅದಕ್ಕೆ ಚಿಕಿತ್ಸೆಯಾದ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟಕುವಂತೆ ಇಲ್ಲದ, ಅದನ್ನು ಬಳಸುವ ತರಬೇತಿ ಇಲ್ಲದ ಯಾವ ವರ್ಕ್‌ಶಾಪಿಗೂ ಆ ಪೇಸ್ಟ್ ತರಬಾರದು. ಉಜ್ಜುವುದಕ್ಕೆ ಒಂದು ಗಂಟೆ ಹೆಚ್ಚು ಹಿಡಿದರೆ ಹಿಡಿಯಲಿ.

ತೂಕ ಸರಿಹೊಂದಿಸುವುದನ್ನು ಬಿಡಬೇಡಿ. ಒಂದು ರೆಕ್ಕೆಯಲ್ಲಿ ನಡುವಿನಿಂದ 15 ಸೆಂಟಿಮೀಟರ್ ದೂರದಲ್ಲಿ 10 ಗ್ರಾಂ ಹೆಚ್ಚಿದ್ದರೆ, 2,750 ಸುತ್ತಿನಲ್ಲಿ ಅದು ಶಾಫ್ಟನ್ನು ಸುಮಾರು 13 ಕಿಲೋ ಭಾರದಷ್ಟು ಬಲದಿಂದ ಪ್ರತಿ ಸುತ್ತಿಗೂ ಬದಿಗೆ ಎಳೆಯುತ್ತದೆ. ಬೇರಿಂಗ್, ಸೀಲ್ ಎರಡೂ ಅದಕ್ಕೆ ಬಲಿ. ಹಬ್ಬಿಗೆ ಸರಿಯಾಗಿ ಕೂರುವ ನೇರ ಕಂಬಿ ತೂರಿಸಿ, ಸಮತಲದಲ್ಲಿಟ್ಟ ಎರಡು ಚೂಪು ಅಂಚುಗಳ ಮೇಲೆ ಇಡಿ. ಭಾರದ ರೆಕ್ಕೆ ಪ್ರತಿ ಸಲವೂ ತಾನೇ ಕೆಳಗೆ ಬರುತ್ತದೆ. ಅದರ ಅಗಲವಾದ ಭಾಗದಲ್ಲಿ ತೆಳುವಾಗಿ ಹರಡಿ ಉಜ್ಜಿ ಲೋಹ ತೆಗೆಯಿರಿ, ಅಂಚಿಗೆ ಕೈ ಹಾಕಬೇಡಿ. ಹೇಗೆ ತಿರುಗಿಸಿ ಬಿಟ್ಟರೂ ಬಿಟ್ಟಲ್ಲೇ ನಿಂತರೆ ಕೆಲಸ ಮುಗಿಯಿತು.

ಪಾಲಿಶ್ ಮಾಡುವುದು ಈ ಎಲ್ಲದರ ನಂತರ. 120ರ ಉಜ್ಜುಕಾಗದದಿಂದ ಶುರುಮಾಡಿ 180, 240, 320, 400; ಅಂಕಿ ಏರಿದಷ್ಟೂ ಕಾಗದ ನಯ. ಒಂದರ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋಗಬೇಡಿ. ನಯವಾದ ಮೇಲ್ಮೈಯಲ್ಲಿ ಉಪ್ಪು, ಕೊಳೆ ನಿಲ್ಲುವುದು ಕಡಿಮೆ, ಆದ್ದರಿಂದ ನಯಕ್ಕೆ ಅರ್ಥವಿದೆ. 400ರಿಂದ ಆಚೆಗಿನ ಕನ್ನಡಿ ಹೊಳಪು ನಿಮ್ಮ ಇಷ್ಟ; ನನ್ನ ದೃಷ್ಟಿಯಲ್ಲಿ ಆ ಸಮಯವನ್ನು ಅಂಚಿಗೆ ಕೊಟ್ಟರೆ ಡೀಸೆಲ್, ಪೆಟ್ರೋಲ್ ಉಳಿಯುತ್ತದೆ. ಪಾಲಿಶ್ ಮುಗಿದ ಮೇಲೆ ಜಿಡ್ಡು ತೆಗೆದು, ಮತ್ತೆ ಅದೇ ಸಿಟ್ರಿಕ್ ದ್ರಾವಣವನ್ನು ಕನಿಷ್ಠ 20 ನಿಮಿಷ ತಾಗಿಸಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಮೇಲ್ಮೈಯಲ್ಲಿ ಉಳಿದ ಕಬ್ಬಿಣದ ಕಣಗಳು ಕರಗಿ ಹೋಗುತ್ತವೆ, ಪೊರೆ ಸಮನಾಗಿ ಕಟ್ಟುತ್ತದೆ. ಸರಿಯಾಯಿತೇ ಎಂದು ನೋಡಲು ಒಂದು ದಿನವಿಡೀ ಒಂದು ಗಂಟೆ ಒದ್ದೆ, ಒಂದು ಗಂಟೆ ಒಣ ಎಂಬಂತೆ ಇಡಿ. ಕಂದು ಚುಕ್ಕೆ ಬಂದರೆ ಆ ಜಾಗವನ್ನು ಮತ್ತೆ ಉಜ್ಜಿ ಮತ್ತೆ ಹುಳಿ ತಾಗಿಸಿ.

ಇಲ್ಲಿಗೆ ನನ್ನ ಮಾತು. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಉತ್ತರಗಳನ್ನೂ ಸೇರಿಸುತ್ತೇನೆ.

‘ಸಾರ್, ದೋಣಿಯ ತಳಕ್ಕೆ ಬಳಿಯುವ ಬಣ್ಣವನ್ನೇ ಫ್ಯಾನಿಗೂ ಬಳಿಯಬಹುದೇ?’ ಎಂದು ಒಬ್ಬರು ಕೇಳಿದರು. ಚಿಪ್ಪು ಕೂರದಂತೆ ತಡೆಯುವ ಅಂಥ ಅನೇಕ ಬಣ್ಣಗಳಲ್ಲಿ ತಾಮ್ರವಿರುತ್ತದೆ. ಔಟ್‌ಬೋರ್ಡಿನ ಗೇರ್ ಕವಚ ಅಲ್ಯೂಮಿನಿಯಂನದು; ಉಪ್ಪುನೀರಿನಲ್ಲಿ ತಾಮ್ರ ಹತ್ತಿರವಿದ್ದರೆ ಅಲ್ಯೂಮಿನಿಯಂ ಕರಗುತ್ತದೆ. ಪ್ರೊಪೆಲ್ಲರಿಗೆಂದೇ ಬರುವ ಸಿಲಿಕೋನ್ ಲೇಪನಗಳಿವೆ, ದುಬಾರಿ. ಎಂಜಿನ್ ಮೇಲೆತ್ತಿ ನಿಲ್ಲಿಸುವ ಅವಕಾಶ ಇರುವವರಿಗೆ ಯಾವುದೂ ಬೇಡ, ನೀರಿನಿಂದ ಹೊರಗಿಟ್ಟು ಸಿಹಿನೀರಿನಲ್ಲಿ ತೊಳೆದರೆ ಸಾಕು.

ಸ್ಟೀಲ್ ಫ್ಯಾನ್ ಹಾಕಿದ ಮೇಲೆ ಗೇರ್ ಕವಚ ತೂತು ಬಿತ್ತು ಎಂಬುದು ಇನ್ನೊಬ್ಬರ ದೂರು. ಸ್ಟೀಲೂ ಅಲ್ಯೂಮಿನಿಯಂ ಕೂಡ ಒಂದೇ ಉಪ್ಪುನೀರಿನಲ್ಲಿ ಒಂದಕ್ಕೊಂದು ಸಂಪರ್ಕದಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದರ ಬದಲು ತಾನು ಸವೆಯಲೆಂದೇ ಸತುವಿನ ತುಂಡನ್ನು ಕಟ್ಟಿರುತ್ತಾರೆ. ಆ ತುಂಡು ಅರ್ಧ ಕರಗಿದಾಗಲೇ ಬದಲಿಸಬೇಕು, ಅದರ ಮೇಲೆ ಬಣ್ಣ ಬಳಿಯಲೇಬಾರದು. ಲಿಂಗನಮಕ್ಕಿ ಹಿನ್ನೀರಿನಂಥ ಸಿಹಿನೀರಿನಲ್ಲಿ ಓಡುವ ದೋಣಿಗೆ ಮೆಗ್ನೀಷಿಯಂ ತುಂಡು ಹೊಂದುತ್ತದೆ. ಅದೇ ದೋಣಿಯನ್ನು ಕಡಲಿಗೆ ತಂದರೆ ಮೆಗ್ನೀಷಿಯಂ ಬೇಗ ಕರಗಿಹೋಗುತ್ತದೆ, ಬದಲಿಸಿಯೇ ಇಳಿಸಿ. ಕವಚದ ಬಣ್ಣ ಕಿತ್ತಿದ್ದಲ್ಲಿ ಬಣ್ಣ ಹಚ್ಚಿ.

ಮಲ್ಪೆಯ ಯುವಕರೊಬ್ಬರು ಕೇಳಿದ್ದು ನನಗೆ ಬಹಳ ಹಿಡಿಸಿತು: ‘ಎಲ್ಲ ಸರಿ ಮಾಡಿ ಕೂರಿಸಿದೆವು, ಆದರೂ ಎಂಜಿನ್ ಸುತ್ತು ಏರುತ್ತದೆ, ದೋಣಿ ವೇಗ ಹಿಡಿದು ಮೇಲೇಳುವುದಿಲ್ಲ. ಏನು ನೋಡಬೇಕು?’ ರೆಕ್ಕೆ ಸರಿಯಿದ್ದರೆ ಹಬ್ಬಿನೊಳಗಿನ ರಬ್ಬರ್ ಜಾರುತ್ತಿರಬಹುದು. ಹಬ್ಬಿಗೂ ಅದರೊಳಗೆ ಶಾಫ್ಟಿಗೆ ಕೂರುವ ಕೊಳವೆಗೂ ಅಡ್ಡಲಾಗಿ ಒಂದು ನೇರ ಗೆರೆ ಬಣ್ಣದಲ್ಲಿ ಎಳೆದು ದೋಣಿ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ರಬ್ಬರ್ ಹೋಗಿದೆ, ಹಬ್ ಬದಲಿಸಿ. ಮತ್ತೆ ಕೂರಿಸುವಾಗ ಶಾಫ್ಟಿನ ಹಲ್ಲುಗಳಿಗೆ ನೀರಿಗೆ ಜಗ್ಗದ ಮರೈನ್ ಗ್ರೀಸ್ ಹಚ್ಚಿ; ಇಲ್ಲವಾದರೆ ಮುಂದಿನ ವರ್ಷ ಪ್ರೊಪೆಲ್ಲರ್ ಹೊರಬರುವುದೇ ಇಲ್ಲ. ಮಡಚುವ ಪಿನ್ ಇದ್ದರೆ ಹಳೆಯದನ್ನು ಎಸೆದು ಹೊಸದು ಹಾಕಿ. ಕೂರಿಸುವ ಮೊದಲು ಶಾಫ್ಟಿನ ಬುಡದಲ್ಲಿ ನೈಲಾನ್ ದಾರವೋ ಬಲೆಯ ಎಳೆಯೋ ಸುತ್ತಿಕೊಂಡಿದೆಯೇ ಎಂದು ಬೆಳಕು ಹಿಡಿದು ನೋಡಿ. ಆ ದಾರ ಸೀಲನ್ನು ಕತ್ತರಿಸಿ ನೀರನ್ನು ಒಳಗೆ ಬಿಡುತ್ತದೆ. ಗೇರ್ ಎಣ್ಣೆಯ ತಿರುಪನ್ನು ತುಸು ಸಡಿಲಿಸಿ ಒಂದು ಹನಿ ಬೆರಳಿಗೆ ಬಿಟ್ಟುಕೊಳ್ಳಿ. ಎಣ್ಣೆ ಬೆಳ್ಳಗೆ ಕದಡಿದ್ದರೆ, ಸೀಲ್ ಬದಲಿಸುವವರೆಗೆ ಆ ಎಂಜಿನ್ ನೀರಿಗಿಳಿಯಬಾರದು.